ಕಾಫಿ ಮತ್ತು ತಲೆನೋವು: ಮದ್ದು ಬೇನೆಯಾದ ಚರಿತ್ರೆ

ನಮ್ಮ ಶಿಕಾರಿಪುರ, ಸೊರಬದ ಸೀಮೆಯಲ್ಲಿ ಯಾರಿಗೇ ತಲೆನೋವು ಬರಲಿ, ಮನೆಯವರು ಕೇಳುವ ಮೊದಲ ಪ್ರಶ್ನೆ, "ಕಾಫಿ ಕುಡಿದೆಯಾ?" ಎಂಬುದು. ಕುಡಿದಿಲ್ಲವೆಂದರೆ, "ಅದಕ್ಕೇ ತಲೆನೋವು, ಒಂದು ಲೋಟ ಕುಡಿ, ಸರಿಹೋಗುತ್ತದೆ" ಎನ್ನುತ್ತಾರೆ. ಕುಡಿದಿದ್ದೇನೆ ಎಂದರೆ, "ಅದಕ್ಕೇ ತಲೆನೋವು, ಪಿತ್ತ ಕೆರಳಿದೆ, ಮೊದಲು ಕಾಫಿ ಬಿಡು" ಎನ್ನುತ್ತಾರೆ. ಎರಡು ಮಾತನ್ನೂ ಒಬ್ಬರೇ ಹಿರಿಯರು ಒಂದೇ ವಾರದಲ್ಲಿ ಹೇಳುವುದುಂಟು. ಒಂದೇ ಪಾನೀಯ ಒಂದೇ ಬೇನೆಗೆ ಕಾರಣವೂ ಮದ್ದೂ ಆಗಬಲ್ಲುದೇ ಎಂದು ಕೇಳಿದರೆ, ಆಗಬಲ್ಲುದು ಎಂಬುದೇ ಇಂದಿನ ವಿಜ್ಞಾನದ ಉತ್ತರ. ಆ ಉತ್ತರಕ್ಕೆ ಮನುಷ್ಯರು ಬಂದು ಸೇರಿದ ದಾರಿ ದೀರ್ಘವಾದುದು. ನಾನು ವೈದ್ಯನಲ್ಲ, ಮೂರು ದಶಕ ಪ್ರೌಢಶಾಲೆಯಲ್ಲಿ ಪಾಠ ಹೇಳಿದವನು. ಆದ್ದರಿಂದ ಚಿಕಿತ್ಸೆಗಿಂತ ಚರಿತ್ರೆಯನ್ನೇ ಹೆಚ್ಚಾಗಿ ಹೇಳುತ್ತೇನೆ. ಆದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ತಲೆನೋವಿನ ಮಾತ್ರೆಯನ್ನು ಜೇಬಿನಲ್ಲಿ, ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡೇ ತಿರುಗುವವರು ಹಲವರಿರುವುದರಿಂದ ಈ ಚರಿತ್ರೆಗೆ ಪ್ರಯೋಜನವೂ ಉಂಟು.

ಮೊದಲಿಗೆ, ಕಾಫಿ ಬರುವುದಕ್ಕೆ ಮುಂಚೆ ಇಲ್ಲಿ ತಲೆನೋವು ಇರಲಿಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. ಅರೆತಲೆನೋವು ಬಹು ಪುರಾತನವಾದ ಬೇನೆ. ಆಯುರ್ವೇದದ ಚರಕ, ಸುಶ್ರುತ ಸಂಹಿತೆಗಳು ಅದನ್ನು 'ಅರ್ಧಾವಭೇದಕ' ಎಂದು ಹೆಸರಿಸಿವೆ. ಸೂರ್ಯನೊಡನೆ ಏರಿ ಸೂರ್ಯನೊಡನೆ ಇಳಿಯುವ ನೋವನ್ನು 'ಸೂರ್ಯಾವರ್ತ' ಎಂದು ಬೇರೆಯಾಗಿಯೇ ಗುರುತಿಸಿವೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠವು ವಿದ್ಯಾಕೇಂದ್ರವಾಗಿದ್ದಂತೆಯೇ ದೀನರಿಗೆ, ರೋಗಿಗಳಿಗೆ ಔಷಧ ದೊರೆಯುವ ತಾಣವೂ ಆಗಿತ್ತೆಂದು 1162ರ ಶಾಸನದಿಂದ ತಿಳಿಯುತ್ತದೆ. ಅಲ್ಲಿಗೆ ತಲೆ ಹಿಡಿದುಕೊಂಡು ಬಂದ ರೋಗಿಗಳೂ ಇದ್ದಿರಲೇಬೇಕು; ಆದರೆ ಅವರಿಗೆ ಕೊಡಲು ಕಾಫಿ ಮಾತ್ರ ಇರಲಿಲ್ಲ. ನಮ್ಮ ಅಜ್ಜಿಯರ ಕಾಲದವರೆಗೂ ಉಳಿದುಬಂದ ಮನೆಮದ್ದುಗಳನ್ನು ನೀವೂ ಬಲ್ಲಿರಿ: ಹಣೆಗೆ ಶುಂಠಿ ಅರೆದು ಪಟ್ಟು ಹಾಕುವುದು, ಗಂಧ ತೇದು ಲೇಪಿಸುವುದು, ಬಟ್ಟೆಯಿಂದ ತಲೆಯನ್ನು ಬಿಗಿಯಾಗಿ ಕಟ್ಟುವುದು, ಜೀರಿಗೆ ಕೊತ್ತಂಬರಿಯ ಕಷಾಯ ಕುಡಿದು ಕತ್ತಲ ಕೋಣೆಯಲ್ಲಿ ಮಲಗುವುದು. ಈ ಕಡೆಯ ಮದ್ದನ್ನು, ಅಂದರೆ ಕತ್ತಲು, ಮೌನ ಮತ್ತು ನಿದ್ರೆಯನ್ನು, ಇಂದಿನ ವೈದ್ಯರೂ ಅಲ್ಲಗಳೆಯುವುದಿಲ್ಲ.

ಕಾಫಿ ಕನ್ನಡ ನಾಡಿಗೆ ಬಂದುದು 17ನೆಯ ಶತಮಾನದಲ್ಲಿ. ಯಾತ್ರೆಯಿಂದ ಮರಳಿದ ಬಾಬಾ ಬುಡನ್ ಎಂಬ ಸೂಫಿ ಸಂತರು ಯೆಮನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪ್ರಸಿದ್ಧ ಐತಿಹ್ಯ. ಆದರೆ ಬೆಳೆ ಬಂದ ಮಾತ್ರಕ್ಕೆ ಕುಡಿಯುವ ಅಭ್ಯಾಸ ಬರಲಿಲ್ಲ. 19ನೆಯ ಶತಮಾನದಲ್ಲಿ ಯೂರೋಪಿನ ತೋಟಗಾರರು ಚಿಕ್ಕಮಗಳೂರು, ಹಾಸನ, ಕೊಡಗುಗಳ ಕಾಡಿನ ನೆರಳಿನಲ್ಲಿ ದೊಡ್ಡ ತೋಟಗಳನ್ನು ಎಬ್ಬಿಸಿದ ಮೇಲೂ ಬೀಜದ ಬಹುಪಾಲು ಹಡಗು ಹತ್ತಿ ಹೊರದೇಶಗಳಿಗೆ ಹೋಗುತ್ತಿತ್ತು. ನಮ್ಮ ತಾಲ್ಲೂಕುಗಳಂತೂ ಭತ್ತದ, ಅಡಿಕೆಯ ಸೀಮೆ. ಇಲ್ಲಿನವರ ದಣಿವು ನೀಗುತ್ತಿದ್ದುದು ಎಲೆ ಅಡಿಕೆಯ ಸಂಚಿಯಿಂದ. ಬಂದವರಿಗೆ ಕೊಡುತ್ತಿದ್ದುದು ಬೆಲ್ಲ, ನೀರು ಅಥವಾ ಮಜ್ಜಿಗೆ. ಕಾಫಿಯ ಬೆಟ್ಟ ಒಂದು ದಿನದ ಪಯಣದಷ್ಟು ಹತ್ತಿರವಿದ್ದರೂ ಕಾಫಿಯ ಲೋಟ ನಮ್ಮ ಜಗುಲಿಗೆ ಬರಲು ಇನ್ನೂ ಹಲವು ತಲೆಮಾರು ಬೇಕಾಯಿತು.

ಅದು ಬಂದುದಕ್ಕೆ ಒಂದು ಆರ್ಥಿಕ ಕಾರಣವೂ ಉಂಟು. 1930ರ ದಶಕದ ಜಾಗತಿಕ ಮುಗ್ಗಟ್ಟಿನಲ್ಲಿ ಕಾಫಿಯ ಬೆಲೆ ಕುಸಿಯಿತು. ಹೊರದೇಶದ ಕೊಳ್ಳುವವರನ್ನೇ ನಂಬಿ ಕುಳಿತರೆ ತೋಟಗಳು ಉಳಿಯಲಾರವೆಂದು ಮನಗಂಡು 1935ರಲ್ಲಿ ಕಾಫಿಗೆ ಒಂದು ಸುಂಕ ವಿಧಿಸಿ, ಆ ಹಣದಿಂದ ದೇಶದೊಳಗೆ ಕಾಫಿಯ ಪ್ರಚಾರ ನಡೆಸುವ ಏರ್ಪಾಡಾಯಿತು. 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಎರಡನೆಯ ಮಹಾಯುದ್ಧ ಆರಂಭವಾಗಿ ಯೂರೋಪಿನ ಮಾರುಕಟ್ಟೆ ಮುಚ್ಚಿಹೋದಾಗ ಭಾರತೀಯರಿಗೇ ಕಾಫಿ ಕುಡಿಸುವುದು ಅನಿವಾರ್ಯವಾಯಿತು. 1942ರ ಕಾಯಿದೆಯಿಂದ ಕಾಫಿ ಮಂಡಳಿ ನೆಲೆಗೊಂಡಿತು. ಚಹಾದ ಕಥೆಯೂ ಇಂಥದೇ. ಇತ್ತ ಉಡುಪಿಯ ಹೋಟೆಲಿನವರು ಊರೂರಿಗೆ ಇಡ್ಲಿಯೊಡನೆ ಕಾಫಿಯನ್ನೂ ಕೊಂಡೊಯ್ದರು. ಮನೆಗಳಲ್ಲಿ ಮೊದಲು ನೆಂಟರಿಗೆ ಮಾತ್ರ, ಬಳಿಕ ಯಜಮಾನರಿಗೆ, ಆಮೇಲೆ ಎಲ್ಲರಿಗೂ ಎಂಬ ಕ್ರಮದಲ್ಲಿ ಬೆಲ್ಲದ ಕಾಫಿ ಒಳಮನೆಯನ್ನು ಸೇರಿತು. ಹಳೆಯ ತಲೆಮಾರಿನ ಮಡಿವಂತರು ಇದನ್ನು ದುಶ್ಚಟವೆಂದೇ ಬೈದರು. ಬೈದವರ ಮಕ್ಕಳೇ ಬೆಳಿಗ್ಗೆ ಡಿಕಾಕ್ಷನ್ ಇಳಿಯುವ ಮುನ್ನ ಯಾರೊಡನೆಯೂ ಮಾತನಾಡದ ಸ್ಥಿತಿಗೆ ಬಂದರು. ಅಂದರೆ, "ಕಾಫಿ ಇಲ್ಲದಿದ್ದರೆ ತಲೆನೋವು" ಎಂಬ ಮಾತು ನಮ್ಮ ಸೀಮೆಯಲ್ಲಿ ಹುಟ್ಟಿ ಇನ್ನೂ ನೂರು ವರ್ಷ ತುಂಬಿದೆಯೋ ಇಲ್ಲವೋ! ಬಳ್ಳಿಗಾವಿಯವರಿಗೆ ಅರೆತಲೆನೋವು ಗೊತ್ತಿತ್ತು. ಈ ಹೊಸ ತಲೆನೋವು ಗೊತ್ತಿರಲಿಲ್ಲ.

ಈಗ ಪಶ್ಚಿಮದ ಕಡೆ ತಿರುಗೋಣ. ಬಾಬಾ ಬುಡನ್ ಬೀಜ ತಂದರೆನ್ನುವ ಕಾಲದಲ್ಲಿಯೇ, 1670ರ ದಶಕದಲ್ಲಿ, ಮಿದುಳಿನ ಅಧ್ಯಯನಕ್ಕೆ ಹೆಸರಾದ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯನು ತಲೆನೋವಿಗೆ, ಜಡತೆಗೆ ಕಾಫಿಯನ್ನು ಮದ್ದೆಂದು ಹೊಗಳಿದ್ದನು. ಕಾಫಿಯಲ್ಲಿ ಕೆಲಸ ಮಾಡುವ ವಸ್ತು ಯಾವುದೆಂಬುದು ಅವನಿಗೆ ತಿಳಿದಿರಲಿಲ್ಲ. ಅದನ್ನು 1819ರಲ್ಲಿ ಬೇರ್ಪಡಿಸಿದವನು ಜರ್ಮನಿಯ ಯುವ ರಸಾಯನಜ್ಞ ರೂಂಗೆ. ಅವನಿಗೆ ಕಾಫಿ ಬೀಜಗಳನ್ನು ಕೊಟ್ಟು ಪರೀಕ್ಷಿಸಲು ಹೇಳಿದವನು ಮಹಾಕವಿ ಗಯಟೆ! ಸಾಹಿತ್ಯದ ವಿದ್ಯಾರ್ಥಿಗಳು ಹೆಮ್ಮೆಪಡಬಹುದಾದ ಸಂಗತಿ. ಆ ವಸ್ತುವೇ ಕೆಫೀನ್. ಅದೇ ಶತಮಾನದ ಕೊನೆಯಲ್ಲಿ ಎಮಿಲ್ ಫಿಷರ್ ಅದನ್ನು ಪ್ರಯೋಗಾಲಯದಲ್ಲಿ ಕೃತಕವಾಗಿ ತಯಾರಿಸಿದನು. 1902ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು.

ಕೆಫೀನ್ ಬಿಳಿಯ ಪುಡಿಯಾಗಿ ಸಿಕ್ಕಿದ ಮೇಲೆ ಅದು ಲೋಟವನ್ನು ಬಿಟ್ಟು ಮಾತ್ರೆಯೊಳಗೆ ಹೊಕ್ಕಿತು. ನನ್ನ ವಯಸ್ಸಿನವರಿಗೆ ಸರ್ಕಾರಿ ಆಸ್ಪತ್ರೆಗಳ 'ಎ.ಪಿ.ಸಿ.' ಮಾತ್ರೆ ನೆನಪಿರಬೇಕು. ಜ್ವರಕ್ಕೂ ಅದೇ, ಮೈಕೈ ನೋವಿಗೂ ಅದೇ, ತಲೆನೋವಿಗಂತೂ ಅದೇ. ಆ ಮೂರು ಅಕ್ಷರಗಳ ಅರ್ಥ ಆಸ್ಪಿರಿನ್, ಫಿನಾಸಿಟಿನ್ ಮತ್ತು ಕೆಫೀನ್. ಇದರ ಸೋದರನೊಬ್ಬ ಸ್ವೀಡನ್ ದೇಶದಲ್ಲಿ ಮಾಡಿದ ಅನಾಹುತ ವೈದ್ಯಕೀಯ ಚರಿತ್ರೆಯಲ್ಲಿ ದಾಖಲಾಗಿದೆ. ಹುಸ್ಕ್ವಾರ್ನಾ ಎಂಬ ಕಾರ್ಖಾನೆಯ ಊರಿನಲ್ಲಿ 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಅಲ್ಲಿನ ವೈದ್ಯರೊಬ್ಬರು ಫಿನಾಸಿಟಿನ್, ಫಿನಜೋನ್, ಕೆಫೀನ್ ಬೆರೆಸಿದ ಪುಡಿಯೊಂದನ್ನು ಕೊಟ್ಟರು. ಜ್ವರ ಹೋದರೂ ಪುಡಿ ಹೋಗಲಿಲ್ಲ. ಕಾರ್ಮಿಕರು ಚುರುಕಿಗೆಂದು, ತಲೆನೋವು ಬಾರದಿರಲೆಂದು ದಿನವೂ ಅದನ್ನು ಸೇವಿಸತೊಡಗಿದರು. ದಶಕಗಳ ಅನಂತರ ಅವರಲ್ಲಿ ಅನೇಕರ ಮೂತ್ರಪಿಂಡಗಳು ಕೆಟ್ಟವು. ಮೂತ್ರಪಿಂಡವನ್ನು ಕೆಡಿಸಿದ ಮುಖ್ಯ ಅಪರಾಧಿ ಫಿನಾಸಿಟಿನ್; ಜಗತ್ತಿನ ಹಲವು ದೇಶಗಳು ಅದನ್ನು ಕೈಬಿಟ್ಟವು. ಆದರೆ ಜನ ದಿನದಿನವೂ ಅದರ ಬಳಿಗೆ ಮರಳಿ ಬರುವಂತೆ ಮಾಡಿದ್ದರಲ್ಲಿ ಜೊತೆಗಿದ್ದ ಕೆಫೀನಿನ ಕೈವಾಡವೂ ಇತ್ತೆಂದು ತಜ್ಞರು ಶಂಕಿಸಿದರು.

ಕೆಫೀನನ್ನು ಮಾತ್ರೆಗೆ ಬೆರೆಸುವುದು ಮೋಸವೇ? ಅಲ್ಲ. ಪ್ಯಾರಾಸಿಟಮಾಲ್, ಆಸ್ಪಿರಿನ್ ಮೊದಲಾದವುಗಳಿಗೆ ಸುಮಾರು 100 ಮಿಲಿಗ್ರಾಂ ಕೆಫೀನ್ ಸೇರಿಸಿದರೆ, ಒಳ್ಳೆಯ ಉಪಶಮನ ಪಡೆಯುವವರ ಸಂಖ್ಯೆ ನೂರಕ್ಕೆ 5ರಿಂದ 10ರಷ್ಟು ಹೆಚ್ಚುತ್ತದೆಂದು 2014ರ ಒಂದು ದೊಡ್ಡ ಸಮೀಕ್ಷೆ ತೋರಿಸಿದೆ. ಅರೆತಲೆನೋವಿಗೆ ಎರ್ಗಟಮಿನ್ ಎಂಬ ಮದ್ದನ್ನು ಕೆಫೀನಿನೊಡನೆ ಕೊಡುವ ಪದ್ಧತಿ 1940ರ ದಶಕದಿಂದಲೂ ಇತ್ತು. ಆದ್ದರಿಂದ "ಕಾಫಿ ಕುಡಿದರೆ ತಲೆನೋವು ಇಳಿಯುತ್ತದೆ" ಎಂಬ ಅಜ್ಜಿಯ ಮಾತು ಬರಿಯ ಭ್ರಮೆಯಲ್ಲ. ಆದರೆ ಅದು ಅರ್ಧ ಸತ್ಯ.

ಉಳಿದರ್ಧವನ್ನು ಪ್ರಯೋಗದಿಂದ ತೋರಿಸಿದವರು ಅಮೆರಿಕದ ಡ್ರೈಸ್‌ಬಾಕ್ ಮತ್ತು ಫೈಫರ್. 1943ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಕೆಲವರಿಗೆ ದಿನವೂ ಕೆಫೀನ್ ಕೊಟ್ಟು, ಒಂದು ದಿನ ಅದರ ಬದಲಿಗೆ ಸತ್ವವಿಲ್ಲದ ಪುಡಿಯನ್ನು ಕೊಡಲಾಯಿತು. ಹೆಚ್ಚಿನವರಿಗೆ ತಲೆನೋವು ಬಂದಿತು. ಅದು ಬಹಳ ಕುಡಿಯುವವರ ಕಥೆಯಿರಬಹುದೆಂಬ ಸಂಶಯವನ್ನು 1992ರ ಇನ್ನೊಂದು ಪ್ರಯೋಗ ನೀಗಿಸಿತು. ದಿನಕ್ಕೆ ಸರಾಸರಿ 235 ಮಿಲಿಗ್ರಾಂ ಕೆಫೀನ್, ಅಂದರೆ ಎರಡು, ಎರಡೂವರೆ ಲೋಟ ಕಾಫಿಯಷ್ಟು, ಸೇವಿಸುತ್ತಿದ್ದ 62 ಮಂದಿಯನ್ನು ಗುಟ್ಟಾಗಿ ಪರೀಕ್ಷಿಸಿದಾಗ, ಕೆಫೀನ್ ತಪ್ಪಿದ ದಿನಗಳಲ್ಲಿ 52 ಪ್ರತಿಶತ ಜನರಿಗೆ ಸಾಕಷ್ಟು ತೀವ್ರವಾದ ತಲೆನೋವು ಕಾಣಿಸಿತು. ಇಂದು ತಲೆನೋವುಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಇದಕ್ಕೆ ತನ್ನದೇ ಆದ ಸ್ಥಾನವಿದೆ. ಎರಡು ವಾರಕ್ಕೂ ಹೆಚ್ಚು ಕಾಲ ದಿನಕ್ಕೆ 200 ಮಿಲಿಗ್ರಾಂ ಮೀರಿ ಕೆಫೀನ್ ಸೇವಿಸಿದವರು ನಿಲ್ಲಿಸಿದರೆ 24 ಗಂಟೆಯೊಳಗೆ ಬರುವ ನೋವು ಇದು. 100 ಮಿಲಿಗ್ರಾಂ ಕೆಫೀನ್ ಕೊಟ್ಟರೆ ಒಂದು ಗಂಟೆಯೊಳಗೆ ಹೋಗುತ್ತದೆ. ಏನೂ ಕೊಡದಿದ್ದರೂ ಒಂದು ವಾರದಲ್ಲಿ ತಾನಾಗಿ ಅಡಗುತ್ತದೆ.

ಹೀಗೇಕಾಗುತ್ತದೆ? ತರಗತಿಯಲ್ಲಿ ಹೇಳಿದಂತೆಯೇ ಹೇಳುತ್ತೇನೆ. ಸಂತೆಯ ದಿನ ಶಿಕಾರಿಪುರದ ನಿಲ್ದಾಣಕ್ಕೆ ಬಸ್ಸು ಬಂದೊಡನೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ನೀವೆಲ್ಲ ನೋಡಿದ್ದೀರಿ. ನಿಮ್ಮಲ್ಲಿ ಕೆಲವರು ಅದರಲ್ಲಿ ಪ್ರವೀಣರೂ ಆಗಿದ್ದಿರಿ. ಟವೆಲ್ ಪ್ರಯಾಣಿಕನಲ್ಲ, ಆದರೆ ಪ್ರಯಾಣಿಕನನ್ನು ಕೂರಗೊಡುವುದಿಲ್ಲ. ನಮ್ಮ ಮಿದುಳಿನಲ್ಲಿ ಅಡೆನೋಸಿನ್ ಎಂಬ ಪ್ರಯಾಣಿಕನಿದ್ದಾನೆ. ಎಚ್ಚರವಿದ್ದಷ್ಟು ಹೊತ್ತೂ ಅವನ ಸಂಖ್ಯೆ ಹೆಚ್ಚುತ್ತದೆ. ಅವನು ತನ್ನ ಸೀಟಿನಲ್ಲಿ ಕುಳಿತರೆ ನಮಗೆ ಆಯಾಸ, ನಿದ್ರೆ ಬರುತ್ತದೆ, ಮಿದುಳಿನ ರಕ್ತನಾಳಗಳು ಹಿಗ್ಗುತ್ತವೆ. ಕೆಫೀನ್ ಎಂಬ ಟವೆಲ್ ಆ ಸೀಟುಗಳ ಮೇಲೆ ಬಿದ್ದಾಗ ಅವನಿಗೆ ಜಾಗವಿಲ್ಲ. ನಮಗೆ ಚುರುಕು, ರಕ್ತನಾಳಗಳಿಗೆ ಸಂಕೋಚ. ಆದರೆ ಶರೀರ ಸುಮ್ಮನಿರುವುದಿಲ್ಲ. ದಿನವೂ ಟವೆಲ್ ಬೀಳುವುದನ್ನು ಕಂಡು ಇನ್ನಷ್ಟು ಸೀಟುಗಳನ್ನು ಹಾಕಿಸುತ್ತದೆ. ಒಂದು ದಿನ ಟವೆಲ್ ಬರದಿದ್ದರೆ ಹಳೆಯ ಸೀಟು, ಹೊಸ ಸೀಟು ಎಲ್ಲಕ್ಕೂ ಒಮ್ಮೆಲೆ ಜನ ನುಗ್ಗುತ್ತಾರೆ. ರಕ್ತನಾಳಗಳು ಮಾಮೂಲಿಗಿಂತ ಹೆಚ್ಚು ಹಿಗ್ಗುತ್ತವೆ, ತಲೆ ಸಿಡಿಯುತ್ತದೆ. ಆಗ ಒಂದು ಲೋಟ ಕಾಫಿ ಅಮೃತದಂತೆ ಕೆಲಸ ಮಾಡುತ್ತದೆ. ಆದರೆ ಅದು ಗುಣಪಡಿಸಿದ್ದು ತಾನೇ ತಂದಿಟ್ಟ ನೋವನ್ನು.

ಇದನ್ನು ತಿಳಿದರೆ ಹಲವು ನಿತ್ಯದ ಒಗಟುಗಳು ಬಿಡುತ್ತವೆ. ಭಾನುವಾರ ತಡವಾಗಿ ಏಳುವ ನೌಕರರಿಗೆ ಬರುವ ತಲೆನೋವು, ಶಸ್ತ್ರಚಿಕಿತ್ಸೆಗೆಂದು ಬರಿ ಹೊಟ್ಟೆಯಲ್ಲಿರುವ ರೋಗಿಯ ತಲೆನೋವು, ಏಕಾದಶಿಯಂದು ನೀರನ್ನೂ ಮುಟ್ಟದವರಿಗೆ ಮಧ್ಯಾಹ್ನದ ಹೊತ್ತಿಗೆ ಬರುವ ತಲೆನೋವು, ಇವುಗಳಲ್ಲಿ ಕೆಲವಾದರೂ ಈ ಜಾತಿಯವು. ರಂಜಾನಿನ ಮೊದಲ ದಿನದ ತಲೆನೋವನ್ನು ಸೌದಿ ಅರೇಬಿಯದಲ್ಲಿ ಅಧ್ಯಯನ ಮಾಡಿ 1999ರಲ್ಲಿ ಪ್ರಕಟಿಸಿದವರು, ಉಪವಾಸ ಮಾಡಿದವರಲ್ಲಿ ನೂರಕ್ಕೆ 41 ಮಂದಿಗೆ ತಲೆನೋವು ಬಂದುದನ್ನೂ ಅದಕ್ಕೆ ಕಾಫಿ ತಪ್ಪಿದ್ದೇ ಮುಖ್ಯ ಕಾರಣವಾಗಿ ಕಂಡುದನ್ನೂ ಹೇಳಿದ್ದಾರೆ. ಆದರೆ ಯೆಹೂದ್ಯರ ಯೋಮ್ ಕಿಪ್ಪುರ್ ಉಪವಾಸವನ್ನು ಅಧ್ಯಯನ ಮಾಡಿ 1995ರಲ್ಲಿ ಪ್ರಕಟಿಸಿದವರಿಗೆ ಉಪವಾಸಿಗರಲ್ಲಿ 39 ಪ್ರತಿಶತ ಜನರಿಗೆ ತಲೆನೋವು ಕಂಡರೂ ಅದಕ್ಕೂ ಕಾಫಿಗೂ ಸಂಬಂಧ ಕಾಣಲಿಲ್ಲ. ಹಸಿವೆಯೇ ಸ್ವತಂತ್ರವಾಗಿ ತಲೆನೋವು ತರಬಲ್ಲುದು. ಎಲ್ಲವನ್ನೂ ಕಾಫಿಯ ತಲೆಗೇ ಕಟ್ಟುವುದು ಸರಿಯಲ್ಲವೆಂಬುದಕ್ಕೆ ಈ ಎರಡು ಅಧ್ಯಯನಗಳನ್ನು ಒಟ್ಟಿಗೆ ನೆನಪಿಡಬೇಕು.

ಇನ್ನು ನಿಜವಾದ ಅರೆತಲೆನೋವಿನ ಮಾತು. ಇದನ್ನು ಬಹುಕಾಲ ರಕ್ತನಾಳಗಳ ಬೇನೆಯೆಂದೇ ತಿಳಿಯಲಾಗಿತ್ತು. ಇಂದು ಮಿದುಳು ಮತ್ತು ನರಗಳ ಕಾಯಿಲೆಯೆಂದು ತಿಳಿಯಲಾಗಿದೆ. ವಂಶಪಾರಂಪರ್ಯವೂ ಇದರಲ್ಲಿ ಉಂಟು. ಇದು ಪಟ್ಟಣದ ಓದಿದವರ ಬೇನೆಯೆಂಬ ಕಲ್ಪನೆ ನಮ್ಮಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಬೆಂಗಳೂರು ನಗರ ಹಾಗೂ ಸುತ್ತಲಿನ ಹಳ್ಳಿಗಳ 2,329 ಮಂದಿಯನ್ನು ಮನೆಮನೆಗೆ ಹೋಗಿ ವಿಚಾರಿಸಿ 2015ರಲ್ಲಿ ಪ್ರಕಟಿಸಿದ ವರದಿ ಈ ಕಲ್ಪನೆಯನ್ನು ಮುರಿಯಿತು. ಒಂದು ವರ್ಷದಲ್ಲಿ ನೂರಕ್ಕೆ 63.9 ಮಂದಿಗೆ ಯಾವುದಾದರೊಂದು ತಲೆನೋವು; 25.2 ಮಂದಿಗೆ ಅರೆತಲೆನೋವು. ತಲೆನೋವು ಗಂಡಸರಿಗಿಂತ ಹೆಂಗಸರಲ್ಲಿ, ನಗರಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ನಾಲ್ವರಲ್ಲಿ ಒಬ್ಬರು ಎಂದರೆ ನಾನು ಪಾಠ ಹೇಳಿದ ಪ್ರತಿ ಬೆಂಚಿಗೂ ಒಬ್ಬರಂತೆ ಆಯಿತು.

ನನ್ನ ತಾಯಿಯವರಿಗೆ ಈ ಬೇನೆಯಿತ್ತು. ತಿಂಗಳಿಗೆ ಎರಡು ಸಲವಾದರೂ ಅಡಿಗೆಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ಹಣೆಗೆ ಒದ್ದೆಬಟ್ಟೆ ಹಾಕಿಕೊಂಡು ಮಲಗುತ್ತಿದ್ದರು. ಒಗ್ಗರಣೆಯ ವಾಸನೆ, ಪಾತ್ರೆಯ ಸದ್ದು ಯಾವುದೂ ಆಗುತ್ತಿರಲಿಲ್ಲ. ಅಡಿಕೆ ಸುಲಿಯುವ ದಿನಗಳಲ್ಲಿ ಹೀಗಾದರೆ ಮನೆಯಲ್ಲಿ, "ಕೆಲಸವೆಂದರೆ ಇವಳಿಗೆ ತಲೆನೋವು" ಎಂಬ ಮಾತು ಬರುತ್ತಿತ್ತು. ಅವರು ಕಾಫಿ ಕುಡಿದು, ವಾಂತಿಯಾಗಿ, ಮತ್ತೆ ಕಾಫಿ ಕುಡಿದು ಎದ್ದು ಕೆಲಸಕ್ಕೆ ನಿಲ್ಲುತ್ತಿದ್ದರು. ಅದು ನೆಪವಲ್ಲ, ಕಾಯಿಲೆ ಎಂದು ಅವರಿಗೆ ಹೇಳುವವರು ಆಗ ಯಾರೂ ಇರಲಿಲ್ಲ. ಇಂದು ಹೇಳಬಲ್ಲವರಿದ್ದಾರೆ. ಆದರೂ ಎಷ್ಟೋ ಮನೆಗಳಲ್ಲಿ ಹೆಂಗಸರ ತಲೆನೋವಿಗೆ ಇಂದಿಗೂ ಕಾಫಿಯೊಂದು, ಅಂಗಡಿಯ ಮಾತ್ರೆಯೊಂದು ಇಷ್ಟೇ ಚಿಕಿತ್ಸೆ.

ಅರೆತಲೆನೋವಿನವರಿಗೆ ಕಾಫಿ ಒಳ್ಳೆಯದೋ ಕೆಟ್ಟದ್ದೋ? ಅಮೆರಿಕದಲ್ಲಿ 98 ಮಂದಿ ರೋಗಿಗಳು ದಿನಚರಿ ಬರೆದಿಟ್ಟು ನಡೆದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೆರಡು ಲೋಟ ಕುಡಿದಾಗ ತಲೆನೋವು ಹೆಚ್ಚಿದಂತೆ ಕಾಣಲಿಲ್ಲ. ಮೂರು ಅಥವಾ ಹೆಚ್ಚು ಕುಡಿದ ದಿನ ಅದರ ಸಂಭವ ಹೆಚ್ಚಿತು. ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಅರೆತಲೆನೋವು ಬರುವ ಮುನ್ನ ಆಕಳಿಕೆ, ಆಯಾಸ ಕಾಣಿಸುವುದುಂಟು. ಆ ಆಯಾಸಕ್ಕೆಂದು ಕಾಫಿ ಕುಡಿದವರಿಗೆ ಬಳಿಕ ನೋವು ಬಂದರೆ ಅಪವಾದ ಕಾಫಿಯ ಮೇಲೆ ಬೀಳುತ್ತದೆ. ಯಾವುದು ಮೊದಲು ಬಂದಿತು ಎಂದು ವಿಚಾರಿಸುವುದು ಚರಿತ್ರೆಗೂ ಅಗತ್ಯ, ವೈದ್ಯಕ್ಕೂ ಅಗತ್ಯ.

ಲೆಕ್ಕವನ್ನೂ ಅರಿಯೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಸೂಚಿಯ ಪ್ರಕಾರ 150 ಮಿಲಿಲೀಟರ್ ಸೋಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ 300 ಮಿಲಿಗ್ರಾಂ ಮೀರಬಾರದು. ಅರಾಬಿಕಾಕ್ಕಿಂತ ರೋಬಸ್ಟಾ ಬೀಜದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್ ಇದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಆದ್ದರಿಂದ ಪುಡಿ ಬದಲಾಯಿಸಿದ ಮಾತ್ರಕ್ಕೆ, ಲೋಟದ ಲೆಕ್ಕ ಅಷ್ಟೇ ಇದ್ದರೂ, ಕೆಫೀನಿನ ಲೆಕ್ಕ ಏರಬಹುದು, ಇಳಿಯಬಹುದು.

ಈ ಲೆಕ್ಕಕ್ಕೆ ಸೇರದೆ ಉಳಿಯುವುದು ಮಾತ್ರೆಯ ಕೆಫೀನ್. 2018ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ 328 ಮಿಶ್ರ ಔಷಧಗಳನ್ನು ನಿಷೇಧಿಸಿದಾಗ ಸಾರಿಡಾನ್ ಹೆಸರು ಪತ್ರಿಕೆಗಳಲ್ಲಿ ಬಂದು, ಸುಪ್ರೀಂ ಕೋರ್ಟು ಅದರ ಮಾರಾಟಕ್ಕೆ ಅವಕಾಶ ಕೊಟ್ಟಿದ್ದು ನಿಮಗೆ ನೆನಪಿರಬಹುದು. ಆ ಒಂದು ಮಾತ್ರೆಯಲ್ಲಿ ಬೇರೆ ಎರಡು ನೋವುನಿವಾರಕಗಳ ಜೊತೆಗೆ 50 ಮಿಲಿಗ್ರಾಂ ಕೆಫೀನ್ ಇತ್ತೆಂಬುದನ್ನು ಮಾತ್ರ ಬಹಳ ಜನ ಗಮನಿಸಲಿಲ್ಲ. ಅಪರೂಪಕ್ಕೆ ನುಂಗಿದರೆ ಭಯವಿಲ್ಲ. ಆದರೆ ಇಂಥ ಮಿಶ್ರ ಮಾತ್ರೆಗಳನ್ನು ತಿಂಗಳಿಗೆ ಹತ್ತು ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗುತ್ತ ಬಂದರೆ ಮಾತ್ರೆಯೇ ತಲೆನೋವನ್ನು ನಿತ್ಯದ ಅತಿಥಿಯನ್ನಾಗಿ ಮಾಡುತ್ತದೆ. ಇದಕ್ಕೆ ಔಷಧದ ಅತಿಬಳಕೆಯ ತಲೆನೋವು ಎಂದೇ ಹೆಸರು. ಹುಸ್ಕ್ವಾರ್ನಾದ ಕಾರ್ಮಿಕರು ದಿನದಿನವೂ ಪುಡಿಯ ಪೊಟ್ಟಣ ಬಿಚ್ಚಿದ್ದು ಹೀಗೆಯೇ.

ನಮ್ಮ ಸೀಮೆಯವರಿಗೆ ವಿಶೇಷವಾಗಿ ಒಂದು ಎಚ್ಚರಿಕೆ. 1957ರಲ್ಲಿ ಮೊದಲು ಪತ್ತೆಯಾಗಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಿಂದಲೇ ಲೋಕದಲ್ಲಿ ಹೆಸರು ಪಡೆದ ಮಂಗನ ಕಾಯಿಲೆ ಆರಂಭವಾಗುವುದು ಹಠಾತ್ ಜ್ವರ ಮತ್ತು ತೀವ್ರ ತಲೆನೋವಿನಿಂದ. ಚಳಿಗಾಲದಿಂದ ಮಳೆ ಹಿಡಿಯುವವರೆಗಿನ ದಿನಗಳಲ್ಲಿ ಕಾಡಿಗೆ ಸೊಪ್ಪು ಸೌದೆಗೆ ಹೋಗಿ ಬಂದವರಿಗೆ ಜ್ವರದೊಡನೆ ತಲೆನೋವು ಬಂದರೆ ಕಾಫಿ, ಮಾತ್ರೆಗಳಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಬೇಕು. ರಕ್ತಸ್ರಾವದ ಭಯವಿರುವ ಇಂಥ ಜ್ವರಗಳಲ್ಲಿ ಆಸ್ಪಿರಿನ್ ಇರುವ ಮಾತ್ರೆ ಅಪಾಯಕಾರಿ. ಹಿಂದೆಂದೂ ಕಾಣದಷ್ಟು ತೀವ್ರವಾಗಿ ಒಮ್ಮೆಲೆ ಬಡಿದ ತಲೆನೋವು, ಕೈಕಾಲಿನ ಬಲಹೀನತೆ, ಮಾತಿನ ತೊದಲು, ಕುತ್ತಿಗೆ ಸೆಟೆತ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ನೋವು, ಇವೂ ಮನೆಮದ್ದಿನ ವಿಷಯಗಳಲ್ಲ.

ಹಾಗಾದರೆ ಕಾಫಿ ಬಿಡಬೇಕೆ? ನಾನು ಬಿಟ್ಟಿಲ್ಲ, ಬೆಳಿಗ್ಗೆ ಒಂದು, ಸಂಜೆ ನಾಲ್ಕಕ್ಕೆ ಒಂದು. ಅರೆತಲೆನೋವಿನವರು ಎರಡು ಲೋಟವನ್ನು ಮೀರದೆ, ದಿನವೂ ಅದೇ ಹೊತ್ತಿಗೆ, ಭಾನುವಾರವೂ ಅದೇ ಹೊತ್ತಿಗೆ ಕುಡಿಯುವುದು ಒಳ್ಳೆಯದು. ಬಿಡಬೇಕೆನ್ನುವವರು ಒಂದೇ ದಿನದಲ್ಲಿ ಬಿಟ್ಟು ಮೂರನೆಯ ದಿನ ಮನೆಯವರ ಮೇಲೆ ರೇಗುವುದಕ್ಕಿಂತ, ಎರಡು ವಾರಗಳಲ್ಲಿ ಅರ್ಧರ್ಧ ಲೋಟದಂತೆ ಇಳಿಸಬಹುದು. ಮುಂದಿನ ತಿಂಗಳು ಕ್ಯಾಲೆಂಡರಿನಲ್ಲಿ ತಲೆನೋವು ಬಂದ ದಿನಕ್ಕೊಂದು, ಮಾತ್ರೆ ನುಂಗಿದ ದಿನಕ್ಕೊಂದು ಗುರುತು ಹಾಕಿ, ಕುಡಿದ ಲೋಟದ ಸಂಖ್ಯೆಯನ್ನೂ ಬರೆಯಿರಿ. ಮಾತ್ರೆಯ ಗುರುತು ಹತ್ತನ್ನು ಮುಟ್ಟಿದರೆ ಆ ಕ್ಯಾಲೆಂಡರನ್ನೇ ವೈದ್ಯರ ಮುಂದೆ ಇಡಿ. ಮನೆಯಲ್ಲಿ ಯಾರಾದರೂ ಕತ್ತಲೆ ಕೋಣೆ ಹುಡುಕಿಕೊಂಡು ಹೋಗುತ್ತಿದ್ದರೆ, ಕಾಫಿ ಬೇಕೇ ಎಂದು ಕೇಳುವ ಮೊದಲು ಬಾಗಿಲನ್ನು ಮೆಲ್ಲಗೆ ಮುಚ್ಚಿ, ಆ ದಿನದ ಒಲೆಯ ಕೆಲಸವನ್ನು ನೀವು ವಹಿಸಿಕೊಳ್ಳಿ.